ಭಾಗಗಳು ಹೊಸವು, ಕಾರು ಹಳೆಯದು

ಹಳೆಯ ಮಸಲ್ ಕಾರೊಂದನ್ನು ಮೊದಲಿನ ಸ್ಥಿತಿಗೆ ತರುವಾಗ ತುಕ್ಕು ತಿಂದ ತಗಡು, ಬಿರುಕು ಬಿಟ್ಟ ರಬ್ಬರು, ಸುಟ್ಟ ವೈರಿಂಗು, ಹರಿದ ಸೀಟುಗಳನ್ನು ತೆಗೆದು, ಮೂಲದ ಮಾದರಿಯಲ್ಲೇ ಹೊಸದಾಗಿ ತಯಾರಿಸಿದ ಬಿಡಿಭಾಗಗಳನ್ನು ಹಾಕುತ್ತಾರೆ. ಈ ವ್ಯಾಪಾರದಲ್ಲಿ ಇವುಗಳಿಗೆ ರಿಪ್ರೊಡಕ್ಷನ್ ಭಾಗಗಳೆಂದು ಹೆಸರು. ಈ ಕೆಲಸದ ಜೊತೆಗೇ ಎರಡು ಪ್ರಶ್ನೆಗಳು ಬರುತ್ತವೆ. ಒಳ್ಳೆಯ ಭಾಗ ಯಾವುದೆಂದು ತಿಳಿಯುವುದು ಹೇಗೆ? ಇಷ್ಟೆಲ್ಲ ಬದಲಾದ ಮೇಲೆ ಕಣ್ಣೆದುರು ನಿಂತಿರುವುದು ಅದೇ ಕಾರೇ? ಮೊದಲನೆಯದು ಜ್ಞಾನದ ಪ್ರಶ್ನೆ, ಎರಡನೆಯದು ವಸ್ತುವಿನ ಅನನ್ಯತೆಯ ಪ್ರಶ್ನೆ. ಭಾರತದ ಮತ್ತು ಗ್ರೀಸಿನ ತತ್ತ್ವಜ್ಞರು ಇವೆರಡನ್ನೂ ಶತಮಾನಗಳ ಕಾಲ ಚರ್ಚಿಸಿದ್ದಾರೆ. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ರಥವೂ ಇದೆ, ಹಡಗೂ ಇದೆ. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಕಾರಿನ ಮುಂದೆ ನಿಂತವರಿಗೂ ಆ ಚರ್ಚೆಗಳು ನೇರವಾಗಿ ಉಪಯೋಗಕ್ಕೆ ಬರುತ್ತವೆ. ಎರಡೂ ಪ್ರಶ್ನೆಗಳು ಕೊನೆಗೆ ಸತ್ಯ ಹೇಳುವ ಹೊಣೆಗೆ ಬಂದು ಸೇರುತ್ತವೆ.

ಕಾರುಗಳು ಮತ್ತು ಅವುಗಳ ಬಿಡಿಭಾಗಗಳು

ಮಧ್ಯಮ ಗಾತ್ರದ ಎರಡು ಬಾಗಿಲ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸಿ, ದುಡಿಯುವ ಯುವಕರ ಕೈಗೆ ಎಟುಕುವ ಬೆಲೆಗೆ ಮಾರಿದ ಅಮೆರಿಕದ ಕಾರುಗಳೇ ಮಸಲ್ ಕಾರುಗಳು. 1964ರಲ್ಲಿ ಪಾಂಟಿಯಾಕ್ ತನ್ನ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಹಾಕಿ ಜಿಟಿಒ ಎಂಬ ಹೆಸರಿನಲ್ಲಿ ಮಾರಿತು. ಈ ಯುಗ ಅಲ್ಲಿಂದ ಶುರುವಾಯಿತೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಷೆವರ್ಲೆಯ ಕ್ಯಾಮರೋ ಮತ್ತು ಷೆವೆಲ್, ಫೋರ್ಡ್ ಮಸ್ಟಾಂಗ್, ಡಾಡ್ಜ್ ಚಾರ್ಜರ್, ಪ್ಲಿಮತ್ ಬ್ಯಾರಕುಡಾ ಇದೇ ಕಾಲದವು. 1970ರ ಷೆವೆಲ್ ಎಸ್‌ಎಸ್ 454ರ ಅತಿ ಬಲವಾದ ಎಂಜಿನ್ನಿಗೆ ಕಂಪನಿ ಕೊಟ್ಟ ಲೆಕ್ಕ 450 ಅಶ್ವಶಕ್ತಿ. ಆಮೇಲೆ ಇಳಿಗಾಲ ಬಂತು. ವಿಮೆಯ ಕಂತು ಏರಿತು, 1970ರ ಶುದ್ಧ ಗಾಳಿ ಕಾನೂನು ಹೊಗೆಗೆ ಮಿತಿ ಹಾಕಿತು, 1973ರ ತೈಲ ಬಿಕ್ಕಟ್ಟು ಪೆಟ್ರೋಲನ್ನು ದುಬಾರಿ ಮಾಡಿತು.

ಈ ಕಾರುಗಳನ್ನು ಐವತ್ತು ವರ್ಷ ಬಾಳಲೆಂದು ಯಾರೂ ಮಾಡಿರಲಿಲ್ಲ. ತುಕ್ಕಿನ ವಿರುದ್ಧ ಆಗಿನ ರಕ್ಷಣೆ ತೀರ ಕಡಿಮೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಓಡಿದ ಕಾರಿನ ನೆಲದ ತಗಡು, ಡಿಕ್ಕಿಯ ತಳ, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್‌ನ ಕೆಳಭಾಗ ಮೊದಲು ಕೊಳೆಯುತ್ತವೆ. ಮೂಲ ಕಂಪನಿಗಳು ಈ ಭಾಗಗಳ ತಯಾರಿಕೆಯನ್ನು ಎಂದೋ ನಿಲ್ಲಿಸಿದವು. ಆ ಖಾಲಿ ಜಾಗದಲ್ಲಿ ಹೊಸದೊಂದು ಉದ್ಯಮ ಬೆಳೆಯಿತು. ಇಂದು 1969ರ ಕ್ಯಾಮರೋಗಾಗಲಿ 1967ರ ಮಸ್ಟಾಂಗಿಗಾಗಲಿ ಬೇಕಾದ ಬಹುಪಾಲು ಎಲ್ಲ ಭಾಗಗಳೂ ಹೊಸದಾಗಿ ಸಿಗುತ್ತವೆ.

ಸಿಗುವ ಭಾಗಗಳು ನಾಲ್ಕು ಬಗೆಯವು. ಒಂದು, ಅದೇ ಕಾಲದ ಇನ್ನೊಂದು ಕಾರಿನಿಂದ ಬಿಚ್ಚಿದ ಹಳೆಯ ಭಾಗ. ಎರಡು, ಆ ಕಾಲದಲ್ಲೇ ಕಾರ್ಖಾನೆಯಲ್ಲಿ ತಯಾರಾಗಿ, ಮಾರಾಟವಾಗದೆ ಡೀಲರನ ಉಗ್ರಾಣದಲ್ಲಿ ಉಳಿದ ಹಳೇ ದಾಸ್ತಾನು. ಮೂರು, ಜನರಲ್ ಮೋಟರ್ಸ್, ಫೋರ್ಡ್ ಮುಂತಾದ ಮೂಲ ಕಂಪನಿಯಿಂದ ಪರವಾನಗಿ ಪಡೆದು ಬೇರೆಯವರು ತಯಾರಿಸುವ ಭಾಗ. ನಾಲ್ಕು, ಪರವಾನಗಿಯಿಲ್ಲದೆ, ಮೂಲದ ಒಂದು ಮಾದರಿಯನ್ನು ಅಳತೆ ಮಾಡಿ ತಯಾರಿಸಿದ ಭಾಗ. ಈ ನಾಲ್ಕರ ನಡುವೆ ಗುಣದ ಮೇಲುಕೀಳು ಇದೇ ಕ್ರಮದಲ್ಲಿ ಇರುತ್ತದೆಂದು ತಿಳಿದರೆ ಮೋಸ ಹೋಗಬೇಕಾಗುತ್ತದೆ. ಐವತ್ತು ವರ್ಷ ಪೆಟ್ಟಿಗೆಯಲ್ಲಿ ಬಿದ್ದಿದ್ದ ಬ್ರೇಕ್ ಹೋಸ್ ಮೂಲ ಕಂಪನಿಯದೇ ಆದರೂ ಅದರ ರಬ್ಬರು ಒಳಗೊಳಗೇ ಸತ್ತಿರುತ್ತದೆ. ಪ್ರದರ್ಶನಕ್ಕೆ ಅದು ಅಮೂಲ್ಯ, ರಸ್ತೆಗೆ ಅಪಾಯ. ಪರವಾನಗಿ ಎಂಬುದು ಮುಖ್ಯವಾಗಿ ಕಂಪನಿಯ ಹೆಸರು, ಲಾಂಛನ ಬಳಸಲು ಸಿಕ್ಕ ಒಪ್ಪಿಗೆ. ಪ್ರತಿಯೊಂದು ತಗಡೂ ಸರಿಯಾಗಿ ಕೂರುತ್ತದೆಂಬ ಭರವಸೆಯನ್ನು ಅದು ತಾನಾಗಿ ಕೊಡುವುದಿಲ್ಲ.

ಹಡಗು, ರಥ ಮತ್ತು ಅವಯವಿ

ಅನನ್ಯತೆಯ ಪ್ರಶ್ನೆಯನ್ನು ಎತ್ತುವ ಪಾಶ್ಚಾತ್ಯ ಜಗತ್ತಿನ ಪ್ರಸಿದ್ಧ ಕಥೆ ಗ್ರೀಕ್ ಲೇಖಕ ಪ್ಲುಟಾರ್ಕನ ಥೀಸಿಯಸ್ ಚರಿತ್ರೆಯಲ್ಲಿದೆ. ಪುರಾಣದ ವೀರ ಥೀಸಿಯಸ್ ಮರಳಿ ಬಂದ ಮೂವತ್ತು ಹುಟ್ಟುಗಳ ಹಡಗನ್ನು ಅಥೆನ್ಸಿನವರು ಬಹುಕಾಲ ಕಾಪಾಡಿಕೊಂಡರು. ಕೊಳೆತ ಹಲಗೆಯನ್ನು ತೆಗೆದು ಗಟ್ಟಿ ಹಲಗೆ ಜೋಡಿಸುತ್ತ ಬಂದರು. ಅದೇ ಹಡಗು ಉಳಿದಿದೆಯೆಂದು ಕೆಲವು ತತ್ತ್ವಜ್ಞರು ವಾದಿಸಿದರೆ, ಉಳಿದಿಲ್ಲವೆಂದು ಇತರರು ವಾದಿಸಿದರು. 1655ರಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿದ. ತೆಗೆದೆಸೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗು ಕಟ್ಟಿದರೆ ಎರಡರಲ್ಲಿ ಥೀಸಿಯಸನ ಹಡಗು ಯಾವುದು? ಹಳೆಯ ಕಾರುಗಳ ಲೋಕದಲ್ಲಿ ಇದು ನಿಜವಾಗಿಯೇ ನಡೆಯುತ್ತದೆ. ಒಂದು ಕಾರಿನ ಮೂಲ ಎಂಜಿನ್ ನಲವತ್ತು ವರ್ಷದ ಹಿಂದೆಯೇ ಬೇರೊಂದು ಕಾರಿಗೆ ಹೋಗಿರುತ್ತದೆ. ತುಕ್ಕು ಹಿಡಿದ ಬಾಡಿಯಿಂದ ಚಾಸಿ ನಂಬರಿನ ತಗಡು ಬಿಚ್ಚಿ ಗಟ್ಟಿಯಾದ ಇನ್ನೊಂದು ಬಾಡಿಗೆ ಹೊಡೆದವರಿದ್ದಾರೆ. ಆಗ ಎರಡು ಕಾರುಗಳು ಒಂದೇ ಹುಟ್ಟನ್ನು ತಮ್ಮದೆನ್ನುತ್ತವೆ.

ಭಾರತದ ಚರ್ಚೆಯಲ್ಲಿ ಗಾಡಿಯೇ ಉದಾಹರಣೆ. ಮಿಲಿಂದಪನ್ಹ ಎಂಬ ಪಾಲಿ ಗ್ರಂಥದಲ್ಲಿ ಗ್ರೀಕ್ ಮೂಲದ ರಾಜ ಮಿಲಿಂದನು ಭಿಕ್ಷು ನಾಗಸೇನನ ಬಳಿಗೆ ರಥದಲ್ಲಿ ಬರುತ್ತಾನೆ. ನಾಗಸೇನ ಕೇಳುತ್ತಾನೆ: ಅಚ್ಚು ರಥವೇ? ಚಕ್ರ ರಥವೇ? ನೊಗವೇ? ಲಗಾಮೇ? ಎಲ್ಲವನ್ನೂ ರಾಶಿ ಹಾಕಿದರೆ ರಥವೇ? ಇವುಗಳಿಗಿಂತ ಬೇರೆಯಾಗಿ ರಥವೆಂಬುದಿದೆಯೇ? ಒಂದೊಂದಕ್ಕೂ ರಾಜ ಅಲ್ಲವೆನ್ನಬೇಕಾಗುತ್ತದೆ. ಭಾಗಗಳು ಒಂದು ರೀತಿಯಲ್ಲಿ ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟ ಹೆಸರೇ ರಥ, ಅದರಾಚೆಗೆ ರಥವೆಂಬ ಬೇರೆ ವಸ್ತುವಿಲ್ಲ ಎಂಬುದು ಬೌದ್ಧರ ನಿಲುವು.

ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಇದನ್ನು ಒಪ್ಪಲಿಲ್ಲ. ಭಾಗಗಳು ಅವಯವಗಳು, ಅವುಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿದ ಅವಯವಿ ಎಂಬ ಇಡಿಯು ಬೇರೆಯೇ ಒಂದು ವಸ್ತು. ನೂಲಿನಿಂದ ಬಟ್ಟೆ ಬೇರೆ. ಬಟ್ಟೆ ಮಾಡುವ ಕೆಲಸ ನೂಲಿನ ರಾಶಿಯಿಂದ ಆಗುವುದಿಲ್ಲ. ಈ ವಾದಕ್ಕೆ ಅವರು ಕೊಡಬೇಕಾದ ಬೆಲೆಯೂ ದೊಡ್ಡದು. ಒಂದು ಅವಯವ ಹೋದರೂ ಹಳೆಯ ಅವಯವಿ ನಾಶವಾಗಿ, ಉಳಿದ ಅವಯವಗಳಿಂದ ಹೊಸತೊಂದು ಅವಯವಿ ಹುಟ್ಟುತ್ತದೆಂದು ಅವರು ಒಪ್ಪಿಕೊಳ್ಳಬೇಕಾಯಿತು. ಆ ಲೆಕ್ಕದಲ್ಲಿ ಬಾಗಿಲೊಂದನ್ನು ಬದಲಿಸಿದರೂ ಕಟ್ಟುನಿಟ್ಟಾಗಿ ನೋಡಿದರೆ ಕಾರು ಬೇರೆಯಾಯಿತು. ಆದರೂ ನೋಡಿದವನಿಗೆ ಇದು ಅದೇ ಕಾರೆಂಬ ಅರಿವು ಹುಟ್ಟುತ್ತದಲ್ಲ, ಆ ಪ್ರತ್ಯಭಿಜ್ಞೆಯ ಬಗ್ಗೆಯೂ ದೊಡ್ಡ ವಿವಾದವಿದೆ. ದೀಪದ ಉರಿ ಕ್ಷಣಕ್ಷಣವೂ ಹೊಸದಾದರೂ ಸಾದೃಶ್ಯದಿಂದ ಅದೇ ಉರಿಯೆಂದು ತೋರುತ್ತದೆ. ಹಾಗಾಗಿ ಗುರುತು ಹಿಡಿದ ಮಾತ್ರಕ್ಕೆ ಅನನ್ಯತೆ ಸಿದ್ಧವಾಗದು ಎಂದು ಬೌದ್ಧರು ಹೇಳಿದರು. ಮೂಲದ ಹಾಗೇ ಕಾಣುವ ಕಾರು ಮೂಲವೇ ಎನ್ನುವವರಿಗೆ ಇದು ಇಂದಿಗೂ ಸಲ್ಲುವ ಎಚ್ಚರಿಕೆ.

ಮೂರನೆಯ ದಾರಿ ಜೈನರದು. ಪ್ರತಿಯೊಂದು ವಸ್ತುವಿನಲ್ಲೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಒಟ್ಟಿಗೆ ಇರುತ್ತವೆ. ದ್ರವ್ಯವಾಗಿ ಅದು ಉಳಿಯುತ್ತದೆ, ಪರ್ಯಾಯವಾಗಿ, ಅಂದರೆ ತಾಳಿದ ರೂಪವಾಗಿ, ಬದಲಾಗುತ್ತದೆ. ಹಳಗನ್ನಡದ ಜೈನ ಕವಿಗಳು ಭಕ್ತಿಯಿಂದ ನೆನೆಯುವ ಸಮಂತಭದ್ರಾಚಾರ್ಯರು ತಮ್ಮ ಆಪ್ತಮೀಮಾಂಸೆಯಲ್ಲಿ ಇದಕ್ಕೆ ಚಿನ್ನದ ದೃಷ್ಟಾಂತ ಕೊಟ್ಟಿದ್ದಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಬೇಕಿದ್ದವನಿಗೆ ಎರಡೂ ಇಲ್ಲ. ಆ ಮೂವರೂ ತಪ್ಪು ಕಾಣುತ್ತಿಲ್ಲ, ಒಂದೇ ವಸ್ತುವಿನ ಮೂರು ನಿಜಗಳನ್ನು ಕಾಣುತ್ತಿದ್ದಾರೆ.

ಕಾರಿನ ವಿಷಯದಲ್ಲಿ ಬಹಳ ಜಗಳಗಳನ್ನು ಬಿಡಿಸುವ ದೃಷ್ಟಿ ಇದು. ಕಾರಿನಲ್ಲಿ ಮೂರು ಸಂಗತಿಗಳಿವೆ: ಆಕಾರ, ದ್ರವ್ಯ, ಚರಿತ್ರೆ. ಆಕಾರವೆಂದರೆ ವಿನ್ಯಾಸ, ಅಳತೆ, ಬಣ್ಣ, ಓಡುವ ರೀತಿ. ದ್ರವ್ಯವೆಂದರೆ ಅಂದು ಕಾರ್ಖಾನೆಯಲ್ಲಿ ಒತ್ತಿದ ಆ ತಗಡು, ಎರಕ ಹೊಯ್ದ ಆ ಕಬ್ಬಿಣ. ಚರಿತ್ರೆಯೆಂದರೆ ಒಂದು ದಿನ ಒಂದು ಕಾರ್ಖಾನೆಯಿಂದ ಹೊರಬಿದ್ದು, ಇಂಥಿಂಥವರ ಕೈ ದಾಟಿ ಇಲ್ಲಿಯವರೆಗೆ ಬಂದ ಕಡಿಯದ ಎಳೆ. ಆಕಾರವನ್ನು ಮತ್ತೆ ತಯಾರಿಸಬಹುದು. ದ್ರವ್ಯವನ್ನು ಬದಲಿಸಬಹುದು. ಚರಿತ್ರೆಯನ್ನು ಮಾತ್ರ ಯಾವ ಕಾರ್ಖಾನೆಯೂ ಮಾಡಿಕೊಡಲಾರದು. ಅದನ್ನು ಕಾಪಾಡಬಹುದು, ಇಲ್ಲವೇ ಕಳೆದುಕೊಳ್ಳಬಹುದು.

ನ್ಯಾಯಾಲಯ ಮತ್ತು ಕಾನೂನು ಕಂಡ ಅನನ್ಯತೆ

ಈ ವಿಂಗಡಣೆ ಪಂಡಿತರ ಕಟ್ಟೆಯಲ್ಲೇ ಉಳಿದಿಲ್ಲ. 1929 ಮತ್ತು 1930ರ ಲೆ ಮಾನ್ಸ್ 24 ಗಂಟೆಗಳ ರೇಸನ್ನು ಗೆದ್ದ ಬೆಂಟ್ಲಿ ಕಾರು ಓಲ್ಡ್ ನಂಬರ್ ಒನ್ ಎಂದೇ ಪ್ರಸಿದ್ಧ. ಅದರ ಎಂಜಿನ್, ಬಾಡಿ, ಇತರ ಭಾಗಗಳು ಮುಂದಿನ ವರ್ಷಗಳಲ್ಲಿ ಬಹುಮಟ್ಟಿಗೆ ಬದಲಾದವು. ಒಂದು ಕೋಟಿ ಪೌಂಡಿಗೆ ಅದನ್ನು ಕೊಳ್ಳಲು ಒಪ್ಪಿದವರು ಆಮೇಲೆ ಇದು ಆ ಕಾರೇ ಅಲ್ಲವೆಂದು ಹಿಂಜರಿದಾಗ ವ್ಯಾಜ್ಯ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿಗೆ ಹೋಯಿತು. ಭಾಗಗಳ ದೃಷ್ಟಿಯಿಂದ ಇದನ್ನು ಒರಿಜಿನಲ್ ಎನ್ನಲಾಗದು; ಆದರೆ ಆ ಕಾರು ಎಂದೂ ಇಲ್ಲವಾಗಲಿಲ್ಲ, ಅದರ ಜಾಗದಲ್ಲಿ ಬೇರೊಂದು ಬಂದು ನಿಲ್ಲಲೂ ಇಲ್ಲ, ಅದರ ಚರಿತ್ರೆ ಅಖಂಡವಾಗಿ ಹರಿದು ಬಂದಿದೆ ಎಂದು ನ್ಯಾಯಾಲಯ ಕಂಡುಕೊಂಡು, ಓಲ್ಡ್ ನಂಬರ್ ಒನ್ ಎಂಬ ಹೆಸರು ಅದಕ್ಕೇ ಸಲ್ಲುತ್ತದೆಂದು ತೀರ್ಪು ಕೊಟ್ಟಿತು. ಭಾಗಗಳ ಮೂಲತನ ಬೇರೆ, ಕಾರಿನ ಅನನ್ಯತೆ ಬೇರೆ ಎಂಬ ವಿವೇಕ ಆ ತೀರ್ಪಿನಲ್ಲಿದೆ.

ಅಮೆರಿಕದ ಕಾನೂನು ಅನನ್ಯತೆಯನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿದೆ. ವಾಹನ ಗುರುತಿನ ಸಂಖ್ಯೆ, ನಮ್ಮಲ್ಲಿ ಚಾಸಿ ನಂಬರು ಎನ್ನುವುದು, 1981ರಿಂದ 17 ಅಕ್ಷರ ಮತ್ತು ಅಂಕಿಗಳದು. ಮಸಲ್ ಕಾರುಗಳ ಕಾಲದಲ್ಲಿ ಅದು ಇನ್ನೂ ಚಿಕ್ಕದಿತ್ತು, ಒಂದೊಂದು ಕಂಪನಿಗೆ ಒಂದೊಂದು ಕ್ರಮವಿತ್ತು. ಆ ಸಂಖ್ಯೆಯನ್ನು ತಿದ್ದುವುದು, ಕೀಳುವುದು ಫೆಡರಲ್ ಅಪರಾಧ. ಕಳ್ಳರನ್ನು ಹಿಡಿಯಲು ಈ ಕಾನೂನು ಬೇಕೇ ಬೇಕು. ಆದರೆ ಸಂಖ್ಯೆಯ ತಗಡೊಂದೇ ಕಾರೆಂದು ಹಿಡಿದರೆ ಅನ್ಯಾಯವಾಗುವುದೂ ಉಂಟು. ಕನ್ಸಾಸ್ ರಾಜ್ಯದಲ್ಲಿ 1959ರ ಕಾರ್ವೆಟ್ ಒಂದನ್ನು, ಜೀರ್ಣೋದ್ಧಾರದ ವೇಳೆ ಅದರ ನಂಬರಿನ ತಗಡನ್ನು ಬಿಚ್ಚಿ ಮತ್ತೆ ಹೊಡೆದಿದ್ದರೆಂಬ ಕಾರಣಕ್ಕೆ, ತಿಳಿಯದೆ ಕೊಂಡವರಿಂದ ವಶಪಡಿಸಿಕೊಳ್ಳಲಾಯಿತು. ಕಾರು ನಾಶವಾಗುವ ಸ್ಥಿತಿ ಬಂದು ವರ್ಷಗಟ್ಟಲೆ ವ್ಯಾಜ್ಯ ನಡೆದ ಮೇಲೆ 2022ರಲ್ಲಿ ಆ ರಾಜ್ಯ ತನ್ನ ಕಾನೂನನ್ನೇ ತಿದ್ದಿತು.

ಇದರ ಇನ್ನೊಂದು ತುದಿಯಲ್ಲಿ ಹೊಸ ಬಾಡಿಗಳಿವೆ. ಕ್ಯಾಲಿಫೋರ್ನಿಯಾದ ಡೈನಾಕಾರ್ನ್ ಸಂಸ್ಥೆ 1969ರ ಕ್ಯಾಮರೋ, 1967ರ ಮಸ್ಟಾಂಗ್ ಮೊದಲಾದವುಗಳ ಇಡೀ ಬಾಡಿಯನ್ನೇ ಹೊಸ ತಗಡಿನಲ್ಲಿ ತಯಾರಿಸುತ್ತದೆ. ಅದರ ಜೊತೆ ಹಳೆಯ ಚಾಸಿ ನಂಬರು ಬರುವುದಿಲ್ಲ. ಅದರ ಮೇಲೆ ಕಟ್ಟಿದ ಕಾರಿಗೆ ಆಕಾರ ಪೂರ್ತಿ ಇದೆ, ಚರಿತ್ರೆ ಇಲ್ಲ. ಅದು ಒಳ್ಳೆಯ ಹೊಸ ಕಾರು, ಅಷ್ಟೇ. ಆದರೆ ಅದಕ್ಕೆ ಸತ್ತ ಕಾರಿನ ನಂಬರು ಹೊಡೆದ ಕ್ಷಣ ಅದು ಸುಳ್ಳಿನ ಮೂರ್ತಿಯಾಗುತ್ತದೆ.

ಗುಣವನ್ನು ಅರಿಯುವ ಪ್ರಮಾಣಗಳು

ಒಳ್ಳೆಯ ಭಾಗವನ್ನು ಗುರುತಿಸುವುದು ಜ್ಞಾನದ ಕೆಲಸ. ಸರಿಯಾದ ಜ್ಞಾನ ಹುಟ್ಟುವ ದಾರಿಗಳನ್ನು ಭಾರತೀಯ ತರ್ಕಶಾಸ್ತ್ರ ಪ್ರಮಾಣಗಳೆಂದು ಕರೆದಿದೆ. ನ್ಯಾಯದರ್ಶನ ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಮೂರು ಇಲ್ಲಿ ಮುಖ್ಯ.

ಮೊದಲನೆಯದು ಪ್ರತ್ಯಕ್ಷ. ಮಡ್‌ಗಾರ್ಡನ್ನೋ ಕ್ವಾರ್ಟರ್ ಪ್ಯಾನೆಲನ್ನೋ ಕೊಳ್ಳುವಾಗ ತಗಡಿನ ದಪ್ಪ ಅಳೆಯಬೇಕು. 18 ಗೇಜಿನ ತಗಡು ಸುಮಾರು 1.2 ಮಿಲಿಮೀಟರ್, 20 ಗೇಜಿನದು ಸುಮಾರು 0.9 ಮಿಲಿಮೀಟರ್. ಬಾಡಿಯ ಉದ್ದಕ್ಕೂ ಓಡುವ ಮಡಿಕೆಯ ಗೆರೆ ಮೂಲದಲ್ಲಿ ಚೂಪಾಗಿದ್ದು, ಮರುತಯಾರಿಯಲ್ಲಿ ಮೊಂಡಾಗಿದ್ದರೆ ಅಚ್ಚು ಸರಿಯಿಲ್ಲವೆಂದು ತಿಳಿಯುತ್ತದೆ. ಬೋಲ್ಟಿನ ತೂತು, ಅಂಚಿನ ಮಡಿಕೆ, ಒಳಬದಿಯ ಪಟ್ಟಿ ಎಲ್ಲವನ್ನೂ ಹಳೆಯ ಭಾಗದ ಪಕ್ಕದಲ್ಲಿಟ್ಟು ನೋಡಬೇಕು. ಕ್ರೋಮ್ ಭಾಗದಲ್ಲಿ ಹೊಳಪಿಗಿಂತ ಅದರ ಅಡಿಯ ತಾಮ್ರ ಮತ್ತು ನಿಕ್ಕಲ್ ಲೇಪ ಮುಖ್ಯ. ಬಾಗಿಲಿನ ರಬ್ಬರ್ ಬೀಡಿಂಗ್ ನೋಡಲು ಸರಿಯಾಗಿದ್ದು, ರಬ್ಬರು ಅಗತ್ಯಕ್ಕಿಂತ ಗಟ್ಟಿಯಾಗಿದ್ದರೆ ಬಾಗಿಲು ಒದ್ದು ಹಾಕಿದರೂ ಕೂರುವುದಿಲ್ಲ. ಕೊನೆಯ ಪರೀಕ್ಷೆ ಕೂರಿಸಿ ನೋಡುವುದು. ಅನುಭವಿಗಳಾರೂ ವೆಲ್ಡಿಂಗ್ ಮೊದಲು ಮಾಡುವುದಿಲ್ಲ. ತಗಡನ್ನು ಕ್ಲಾಂಪಿನಲ್ಲಿ ಹಿಡಿದು, ಬಾಗಿಲು ಮತ್ತು ಡಿಕ್ಕಿಯ ಮುಚ್ಚಳ ಹಾಕಿ, ಸುತ್ತ ಸಂದು ಸಮವಾಗಿದೆಯೇ ಎಂದು ನೋಡಿದ ಮೇಲೆಯೇ ಬೆಸೆಯುತ್ತಾರೆ. ಜ್ಞಾನ ನಿಜವೆಂಬುದು ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ ಖಚಿತವಾಗುತ್ತದೆಂದು ನೈಯಾಯಿಕರು ಹೇಳುವುದೂ ಇದನ್ನೇ.

ಎರಡನೆಯದು ಅನುಮಾನ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವುದು. ಷೆವರ್ಲೆಯ ಚಿಕ್ಕ ವಿ8 ಎಂಜಿನ್ ಬ್ಲಾಕನ್ನು ಹತ್ತಿರದಿಂದ ನೋಡಿದರೆ ಇದರ ಬಲವೂ ಅಪಾಯವೂ ಗೊತ್ತಾಗುತ್ತದೆ. ಬ್ಲಾಕಿನ ಹಿಂಭಾಗದಲ್ಲಿ ಎರಕದಲ್ಲೇ ಮೂಡಿದ ಸಂಖ್ಯೆ ಇರುತ್ತದೆ, ಉದಾಹರಣೆಗೆ 3970010. ಬ್ಲಾಕಿನ ಮೇಲೆಯೇ ಎರಕದ ದಿನಾಂಕವೂ ಇರುತ್ತದೆ. ಮೊದಲ ಅಕ್ಷರ ತಿಂಗಳು, ನಡುವಿನದು ದಿನ, ಕೊನೆಯ ಅಂಕಿ ವರ್ಷ. ಡಿ 12 9 ಎಂದಿದ್ದರೆ 9ರಲ್ಲಿ ಕೊನೆಯಾಗುವ ವರ್ಷದ ಏಪ್ರಿಲ್ 12. ಇದು 1969ರ ಕಾರಿಗೆ ಸರಿಯಾಗಿ ಹೊಂದುತ್ತದೆಂದು ತಕ್ಷಣ ಅನಿಸುತ್ತದೆ. ಆದರೆ 3970010 ಎಂಬ ಎರಕ 1969ರಿಂದ ಸುಮಾರು ಹತ್ತು ವರ್ಷ ಬಳಕೆಯಲ್ಲಿತ್ತು. ಹಾಗಾಗಿ ಅದೇ ಗುರುತು 1979ರದ್ದೂ ಆಗಿರಬಹುದು. ಸಾಧಿಸಬೇಕಾದ ಸಂಗತಿ ಇರುವ ಕಡೆಯೂ ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಇಂಥ ಗುರುತನ್ನು ತರ್ಕಶಾಸ್ತ್ರ ಸವ್ಯಭಿಚಾರ ಹೇತು ಎಂದು ಕರೆದು ಹೇತ್ವಾಭಾಸಗಳಲ್ಲಿ, ಅಂದರೆ ಹುಸಿ ಕಾರಣಗಳಲ್ಲಿ, ಸೇರಿಸಿದೆ. ಸಂದೇಹ ತೀರಬೇಕಾದರೆ ಎಂಜಿನ್ನಿನ ಮುಂಭಾಗದಲ್ಲಿ, ಬಲ ಸಿಲಿಂಡರ್ ಹೆಡ್ಡಿನ ಮುಂದಿರುವ ಚಪ್ಪಟೆ ಪಟ್ಟಿಯನ್ನು ನೋಡಬೇಕು. ಅಲ್ಲಿ ಎಂಜಿನ್ ಜೋಡಿಸಿದ ಕಾರ್ಖಾನೆ, ದಿನ, ಬಗೆಯ ಸಂಕೇತಗಳಿರುತ್ತವೆ. 1968ರಿಂದ ಈಚೆಗೆ ಎಂಜಿನ್ ಮೇಲೆ ಚಾಸಿ ನಂಬರಿನ ಭಾಗವನ್ನೂ ಒತ್ತುತ್ತಿದ್ದರು. ಆ ಪಟ್ಟಿಯ ಮೇಲೆ ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ಸಮಾನಾಂತರ ಗೀರುಗಳಿರಬೇಕು. ಅಕ್ಷರಗಳಿದ್ದು ಗೀರುಗಳಿಲ್ಲದಿದ್ದರೆ ಮೇಲ್ಮೈ ಕೊರೆದು ಹೊಸದಾಗಿ ಸಂಖ್ಯೆ ಹೊಡೆದಿರುವ ಶಂಕೆ ಏಳುತ್ತದೆ. ಎರಕದ ದಿನ ಕಾರು ತಯಾರಾದ ದಿನಕ್ಕಿಂತ ಮುಂಚಿನದಾಗಿರಬೇಕು. ತಡವಾಗಿದ್ದರೆ ಮುಂದೆ ವಾದ ಬೇಕಿಲ್ಲ.

ಮೂರನೆಯದು ಶಬ್ದ, ಅಂದರೆ ನಂಬಲು ತಕ್ಕವರ ಮಾತು. 1969ರ ಕ್ಯಾಮರೋದ ಚಾಸಿ ನಂಬರು ಆರು ಸಿಲಿಂಡರೋ ವಿ8ಓ ಎಂಬುದನ್ನು ಹೇಳುತ್ತದೆಯೇ ಹೊರತು, ಅದು ಬೆಲೆಬಾಳುವ ಝಡ್28 ಹೌದೇ ಎಂಬುದನ್ನು ಹೇಳುವುದಿಲ್ಲ. ಪಾಂಟಿಯಾಕ್‌ನಲ್ಲಿ 1966ರಿಂದ ಜಿಟಿಒ ಕಾರುಗಳ ನಂಬರು 242 ಎಂದು ಶುರುವಾಗುವುದರಿಂದ ಅಲ್ಲಿ ಗೊಂದಲ ಕಡಿಮೆ; 1964 ಮತ್ತು 1965ರಲ್ಲಿ ಜಿಟಿಒ ಒಂದು ಆಯ್ಕೆಯಷ್ಟೇ ಆಗಿದ್ದರಿಂದ ದಾಖಲೆ ಬೇಕಾಗುತ್ತದೆ. ಪಾಂಟಿಯಾಕ್ ಕಾರುಗಳಿಗೆ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್, 1967ರಿಂದ ಈಚಿನ ಫೋರ್ಡ್ ಕಾರುಗಳಿಗೆ ಮಾರ್ಟಿ ಆಟೊ ವರ್ಕ್ಸ್ ಮೂಲ ದಾಖಲೆಗಳ ಆಧಾರದಲ್ಲಿ ವರದಿ ಕೊಡುತ್ತವೆ. ಬಿಡಿಭಾಗದ ಗುಣದ ವಿಷಯದಲ್ಲೂ ಹಾಗೆಯೇ. ಆ ಭಾಗವನ್ನು ಸ್ವತಃ ಕೂರಿಸಿದವರ ಮಾತಿಗೆ ಬೆಲೆ ಹೆಚ್ಚು. ವಾತ್ಸ್ಯಾಯನನ ನ್ಯಾಯಭಾಷ್ಯದ ಪ್ರಕಾರ ವಿಷಯವನ್ನು ನೇರವಾಗಿ ಕಂಡು, ಕಂಡಂತೆಯೇ ಹೇಳಲು ಬಯಸುವವನೇ ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ. ಇದನ್ನು ಬಿಡಿಭಾಗದ ಪೇಟೆಗೆ ಅನ್ವಯಿಸಿದರೆ ದೊಡ್ಡ ಹೆಸರಿನ ಕ್ಯಾಟಲಾಗಿಗೂ ಊರಾಚೆಯ ಸಣ್ಣ ಗ್ಯಾರೇಜಿನ ಕೆಲಸಗಾರನಿಗೂ ಪರೀಕ್ಷೆ ಒಂದೇ: ನೋಡಿದ್ದಾನೆಯೇ, ನೋಡಿದ್ದನ್ನು ಹೇಳುತ್ತಿದ್ದಾನೆಯೇ?

ಮೂಲಕ್ಕಿಂತ ಮಿಗಿಲಾದ ಚೆಲುವು

ಗುಣವೆಂದರೆ ಆದಷ್ಟೂ ಚೆಂದ ಎಂಬ ತಿಳುವಳಿಕೆಯೂ ಪರೀಕ್ಷೆಗೆ ಒಳಗಾಗಬೇಕು. 1960ರ ದಶಕದ ಕಾರ್ಖಾನೆಯಿಂದ ಬಂದ ಕಾರಿನ ಬಾಗಿಲ ಸಂದುಗಳು ಒಂದೇ ಸಮ ಇರಲಿಲ್ಲ. ಬಣ್ಣ ಕನ್ನಡಿಯಂತಿರಲಿಲ್ಲ. ಅಡಿಭಾಗದಲ್ಲಿ ಸಿಂಪರಿಸಿದ ಬಣ್ಣ ಎಲ್ಲೆಂದರಲ್ಲಿ ಹಾರಿರುತ್ತಿತ್ತು, ಪರೀಕ್ಷಕರು ಸೀಮೆಸುಣ್ಣದಲ್ಲೋ ಬಣ್ಣದಲ್ಲೋ ಹಾಕಿದ ಗುರುತುಗಳು ಹಾಗೇ ಉಳಿದಿರುತ್ತಿದ್ದವು. ಇಂದು ಹೊಸ ಭಾಗ, ಹೊಸ ಬಣ್ಣಗಳಿಂದ ಅದೇ ಕಾರನ್ನು ಹುಟ್ಟಿದ ದಿನಕ್ಕಿಂತ ಸುಂದರವಾಗಿ ಮಾಡಬಹುದು. 1974ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯ ತೀರ್ಪುಗಾರರು ಈ ಅತಿಯನ್ನು ಮೆಚ್ಚುವುದಿಲ್ಲ. ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗಿದೆಯೇ ಎಂಬುದೇ ಅವರ ಮಾನದಂಡ. ಅದಕ್ಕಿಂತ ಚೆನ್ನಾಗಿದ್ದರೂ ಅಂಕ ಹೋಗುತ್ತದೆ.

ಮುಟ್ಟದೆ ಉಳಿಸಿದ ಕಾರಿಗೆ ಸಿಗುವ ಗೌರವವೂ ಇದನ್ನೇ ಹೇಳುತ್ತದೆ. ಬುಲಿಟ್ ಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ 1968ರ ಹಸಿರು ಮಸ್ಟಾಂಗ್ ದಶಕಗಳ ಕಾಲ ಒಂದೇ ಕುಟುಂಬದಲ್ಲಿದ್ದು, 2020ರ ಜನವರಿಯಲ್ಲಿ ಹರಾಜಿಗೆ ಬಂತು. ಬಣ್ಣ ಮಾಸಿತ್ತು, ತುಕ್ಕಿನ ಕಲೆಗಳಿದ್ದವು. ಜೀರ್ಣೋದ್ಧಾರ ಮಾಡಿರಲಿಲ್ಲ. ಅದು 37.4 ಲಕ್ಷ ಡಾಲರಿಗೆ ಹೋಯಿತು. ಅದೇ ಬಣ್ಣದ, ಅದೇ ಮಾದರಿಯ ಹೊಳೆಯುವ ಮಸ್ಟಾಂಗ್ ಕಟ್ಟಲು ಬೇಕಾದ ಭಾಗಗಳೆಲ್ಲ ಪೇಟೆಯಲ್ಲಿ ಸಿಗುತ್ತವೆ. ಕೊಂಡವರು ಕೊಟ್ಟ ಬೆಲೆ ಆಕಾರಕ್ಕಲ್ಲ, ಚರಿತ್ರೆಗೆ.

ಹಾಗೆಂದು ಎಲ್ಲ ಕಾರುಗಳನ್ನೂ ತುಕ್ಕಿಗೆ ಬಿಡಬೇಕೆಂದಲ್ಲ. ನೆಲದ ತಗಡು ಕೊಳೆತು ಸೀಟು ಕುಸಿಯುವ ಕಾರನ್ನು ಹಾಗೇ ಬಿಟ್ಟರೆ ದ್ರವ್ಯದ ಜೊತೆ ಚರಿತ್ರೆಯೂ ಗುಜರಿಗೆ ಹೋಗುತ್ತದೆ. ಎಷ್ಟು ಬೇಕೋ ಅಷ್ಟನ್ನೇ ಬದಲಿಸುವುದು, ದುರಸ್ತಿಯಾಗುವ ಮೂಲ ಭಾಗವನ್ನು ದುರಸ್ತಿ ಮಾಡುವುದು, ತೆಗೆದ ಮೂಲ ಭಾಗವನ್ನು ಎಸೆಯದೆ ಇಡುವುದು ವಿವೇಕದ ದಾರಿ. ಬ್ರೇಕು, ಸ್ಟೀರಿಂಗು, ಪೆಟ್ರೋಲ್ ಪೈಪು, ಟೈರುಗಳಲ್ಲಿ ಮಾತ್ರ ಮೂಲತನಕ್ಕಿಂತ ಜೀವ ದೊಡ್ಡದು. ಅಲ್ಲಿ ಹೊಸದೇ ಧರ್ಮ.

ಹೇಳುವ ಹೊಣೆ

ಒಂದೇ ಭಾಗ ಒಬ್ಬನ ಕೈಯಲ್ಲಿ ಸೇವೆ, ಇನ್ನೊಬ್ಬನ ಕೈಯಲ್ಲಿ ವಂಚನೆ. ಸಾಮಾನ್ಯ ವಿ8 ಕ್ಯಾಮರೋಗೆ ಝಡ್28ರ ಪಟ್ಟೆ, ಲಾಂಛನ, ಎಂಜಿನ್ ಹಾಕಿ ಇದು ಝಡ್28ರ ಮಾದರಿಯಲ್ಲಿ ಕಟ್ಟಿದ ಕಾರು ಎಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಅದೇ ಭಾಗಗಳನ್ನು ಹಾಕಿ, ಎಂಜಿನ್ನಿಗೆ ಹೊಸದಾಗಿ ಸಂಖ್ಯೆ ಒತ್ತಿ, ನಕಲಿ ಕಾಗದ ಜೊತೆಗಿಟ್ಟು ಅಸಲಿ ಝಡ್28 ಎಂದು ಮಾರಿದರೆ ಅದು ಕಳ್ಳತನ. ಎರಡೂ ಕಾರುಗಳ ತಗಡಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿರಬಹುದು. ವ್ಯತ್ಯಾಸವಿರುವುದು ಆಡಿದ ಮಾತಿನಲ್ಲಿ.

ಬಾಡಿ ಮತ್ತು ಬಣ್ಣದ ವಿವರವಿರುವ ಕಾರ್ಖಾನೆಯ ತಗಡು, ಕಿಟಕಿಗೆ ಅಂಟಿಸಿದ್ದ ಬೆಲೆಪಟ್ಟಿ ಎಲ್ಲಕ್ಕೂ ಇಂದು ಪ್ರತಿರೂಪಗಳು ಸಿಗುವುದರಿಂದ ಈ ಹೊಣೆ ಇನ್ನೂ ಹೆಚ್ಚಾಗಿದೆ. ಜಿಟಿಒ ಹುಟ್ಟಿದ 1964ರಲ್ಲೇ ಸ್ಮಾರಕಗಳ ಸಂರಕ್ಷಣೆಗಾಗಿ ರೂಪುಗೊಂಡ ವೆನಿಸ್ ಸನ್ನದು ಒಂದು ನಿಯಮ ಹಾಕಿತು: ಇಲ್ಲದ ಭಾಗಕ್ಕೆ ಬದಲಾಗಿ ಸೇರಿಸಿದ್ದು ಇಡಿಯೊಂದಿಗೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸಲು ಬರಬೇಕು, ಇಲ್ಲದಿದ್ದರೆ ಜೀರ್ಣೋದ್ಧಾರವೇ ಇತಿಹಾಸದ ಸಾಕ್ಷ್ಯವನ್ನು ಸುಳ್ಳು ಮಾಡುತ್ತದೆ. ಕಾರಿನಲ್ಲಿ ಹೊಸ ತಗಡು ಹೊರಗಿನಿಂದ ಬೇರೆಯಾಗಿ ಕಾಣಬೇಕಿಲ್ಲ. ಅದರ ಬೇರೆತನ ದಾಖಲೆಯಲ್ಲಿ ಕಂಡರೆ ಸಾಕು. ಯಾವ ಭಾಗ ಮೂಲದ್ದು, ಯಾವುದು ಹಳೇ ದಾಸ್ತಾನಿನದು, ಯಾವುದು ಮರುತಯಾರಿ, ಎಲ್ಲಿ ಯಾವಾಗ ಹಾಕಿದ್ದು ಎಂಬ ಪಟ್ಟಿ, ಕೆಲಸದ ಹಂತಹಂತದ ಫೋಟೋ, ರಸೀದಿಗಳು ಕಾರಿನ ಜೊತೆ ಇರಬೇಕು. ಮುಂದೆ ಕೊಳ್ಳುವವರಿಗೆ ಅವೇ ಆಪ್ತವಾಕ್ಯ.

ಒಳ್ಳೆಯ ಮರುತಯಾರಿ ಭಾಗವನ್ನು ಹಾಕಿದ ಮಾತ್ರಕ್ಕೆ ಹಳೆಯ ಕಾರು ನಕಲಿಯಾಗುವುದಿಲ್ಲ. ಅದು ಕಾರಿನ ಆಕಾರವನ್ನು ಉಳಿಸುತ್ತದೆ, ಆಯುಸ್ಸನ್ನು ಹೆಚ್ಚಿಸುತ್ತದೆ, ಚರಿತ್ರೆಯ ಎಳೆ ಕಡಿಯದಂತೆ ಕಾಯುತ್ತದೆ. ನಕಲಿಯಾಗುವುದು ಬದಲಾವಣೆಯನ್ನು ಮುಚ್ಚಿಟ್ಟಾಗ. ಹಾಗಾಗಿ ಜೀರ್ಣೋದ್ಧಾರಕ್ಕೆ ಕೈಹಾಕುವವರು ಪಾನಾ ಹಿಡಿಯುವ ಮೊದಲು ಒಂದು ನೋಟ್‌ಬುಕ್ ತೆರೆಯಲಿ, ಬಿಚ್ಚಿದ ಮತ್ತು ಹಾಕಿದ ಪ್ರತಿಯೊಂದು ಭಾಗವನ್ನೂ ಅದರಲ್ಲಿ ಬರೆಯಲಿ, ಕಾರನ್ನು ಮಾರುವ ದಿನ ಕೀಲಿಯ ಜೊತೆ ಆ ನೋಟ್‌ಬುಕ್ಕನ್ನೂ ಕೊಡಲಿ.